ಮಗಳ ಬಾಡಿಗೆ ಕರಾರು ಮಲಯಾಳದಲ್ಲಿದೆ: ಸಹಿ ಹಾಕುವ ಮೊದಲು ತಿಳಿದವರು ಹೇಳಿ

ಬದಿಯಡ್ಕದ ಕೃಷಿಕ

ಎಲ್ಲರಿಗೂ ನಮಸ್ಕಾರ. ಮಗಳಿಗೆ ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಎಂ.ಎಸ್ಸಿ. ಸೀಟು ಸಿಕ್ಕಿದೆ. ಹಾಸ್ಟೆಲ್ ಬೇಡ, ಗೆಳತಿಯರ ಜೊತೆ ಮನೆ ಮಾಡಿಕೊಂಡು ಇರುತ್ತೇನೆ ಎನ್ನುತ್ತಾಳೆ. ನಾಲ್ವರು ಹುಡುಗಿಯರು ಸೇರಿ ಕ್ಯಾಂಪಸ್ಸಿಗೆ ಹತ್ತಿರದಲ್ಲೇ ಒಂದು ಹಂಚಿನ ಮನೆ ನೋಡಿದ್ದಾರೆ. ಮುರಕಲ್ಲಿನ ಗೋಡೆ, ಅಂಗಳದಲ್ಲಿ ಬಾವಿ, ನನಗೂ ಇಷ್ಟವಾಯಿತು. ತಿಂಗಳ ಬಾಡಿಗೆ 12,000 ರೂಪಾಯಿ, ಮುಂಗಡ 50,000. ಮಾಲೀಕರು ನಿನ್ನೆ ಕರಾರಿನ ಕರಡು ಕಳುಹಿಸಿದರು. ನಾಲ್ಕು ಪುಟ, ಪೂರ್ತಿ ಮಲಯಾಳ.

ಪೇಟೆಯಲ್ಲಿ ನಾನು ಮಲಯಾಳ ಮಾತನಾಡುತ್ತೇನೆ. ಆದರೆ ಬಾಯಿಗೆ ಬರುವ ಮಲಯಾಳ ಕಣ್ಣಿಗೆ ಬರುವುದಿಲ್ಲ. ಮಗಳು ಹತ್ತರವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು. ಬಸ್ಸಿನ ಬೋರ್ಡು ಓದುತ್ತಾಳೆ, ಇಂಥ ಕಾಗದ ಎದುರಾದರೆ ತಡವರಿಸುತ್ತಾಳೆ. ಇಬ್ಬರೂ ಕುಳಿತು ಅಕ್ಷರ ಕೂಡಿಸಿ ಓದಿದಾಗ ತಿಳಿದದ್ದು ಇಷ್ಟು. ಹನ್ನೊಂದು ತಿಂಗಳಿಗೆ ಕರಾರು. ನಡುವೆ ಬಿಟ್ಟರೆ ಮುಂಗಡ ಮರಳಿ ಸಿಗುವುದಿಲ್ಲ, ಮೇಲಾಗಿ ಉಳಿದ ತಿಂಗಳುಗಳ ಬಾಡಿಗೆಯನ್ನೂ ಕಟ್ಟಬೇಕು. ಬಿಡುವಾಗ ಬಣ್ಣಕ್ಕೆಂದು 8,000 ರೂಪಾಯಿ ಕಡಿತ. ನಾಲ್ವರೂ ಸಹಿ ಹಾಕಬೇಕು, ಜಾಮೀನಿಗೆ ಒಬ್ಬ ಪೋಷಕ ಬೇಕು. ಉಳಿದ ಮೂವರ ಮನೆಯವರು ದೂರದವರಾದ್ದರಿಂದ ಆ ಪೋಷಕ ನಾನೇ ಆಗಬೇಕೆಂದು ಕೇಳುತ್ತಿದ್ದಾರೆ. ಇನ್ನೊಂದು ಕಡೆ ಮಾಲೀಕರಿಗೆ ಒಳಗೆ ಬರಲು 'ಅವಕಾಶಂ' ಎಂದಿದೆ. ರಿಪೇರಿಗೆ ಬಂದಾಗ ಅವಕಾಶ ಮಾಡಿಕೊಡಿ ಎಂದಿರಬೇಕು, ಅದಕ್ಕೆ ನಮ್ಮ ತಕರಾರಿಲ್ಲ.

ಶನಿವಾರ ಸಹಿ. ಇಂದು ಸೋಮವಾರ. ಇದು ಸರಿಯಾದ ಕಾಗದವೇ? ಏನನ್ನು ಕೇಳಿ ಬದಲಾಯಿಸಿಕೊಳ್ಳಬೇಕು?

ಉಪ್ಪಳದ ನಿವೃತ್ತ ಅಧ್ಯಾಪಕ

ಅಣ್ಣ, ಆ 'ಅವಕಾಶಂ' ಎಂಬ ಪದವನ್ನು ದಾಟಿ ಮುಂದೆ ಹೋಗಬೇಡಿ. ನಮ್ಮಲ್ಲಿ ಅವಕಾಶವೆಂದರೆ ಎಡೆ, ಸಂದರ್ಭ, ಯಾರೋ ಮಾಡಿಕೊಡುವ ಅನುಕೂಲ. ಮಲಯಾಳದಲ್ಲಿ ಅವಕಾಶಂ ಎಂದರೆ ಹಕ್ಕು. ಮನುಷ್ಯಾವಕಾಶಂ ಎಂದರೆ ಮಾನವ ಹಕ್ಕು, ವಿವರಾವಕಾಶಂ ಎಂದರೆ ಮಾಹಿತಿ ಹಕ್ಕು. ಆ ವಾಕ್ಯವನ್ನು ಪೂರ್ತಿಯಾಗಿ ಇಲ್ಲಿ ಬರೆಯಿರಿ.

ಬದಿಯಡ್ಕದ ಕೃಷಿಕ

ಮಗಳು ಓದಿ ಹೇಳಿದಂತೆ ಬರೆಯುತ್ತಿದ್ದೇನೆ ಮಾಸ್ಟ್ರೇ: "ಉಡಮಯ್ಕ್ ಏತು ಸಮಯತ್ತುಂ ವೀಟ್ಟಿಲ್ ಪ್ರವೇಶಿಕ್ಕಾನ್ ಅವಕಾಶಂ ಉಂಡಾಯಿರಿಕ್ಕುಂ."

ಉಪ್ಪಳದ ನಿವೃತ್ತ ಅಧ್ಯಾಪಕ

ಹಾಗಾದರೆ ಅರ್ಥ ಇದು: ಯಾವ ಹೊತ್ತಿನಲ್ಲಿ ಬೇಕಾದರೂ ಮನೆಯೊಳಗೆ ಬರುವ ಹಕ್ಕು ಮಾಲೀಕರಿಗೆ ಇರುತ್ತದೆ. ರಿಪೇರಿಯ ಮಾತೇ ಅಲ್ಲಿಲ್ಲ. ಮುಂಚಿತವಾಗಿ ತಿಳಿಸಬೇಕೆಂಬ ಮಾತೂ ಇಲ್ಲ. ನಾಲ್ಕು ಹೆಣ್ಣುಮಕ್ಕಳು ಇರುವ ಮನೆ ಅದು.

ಮಾಲೀಕರು ಕೆಟ್ಟವರೆಂದು ನಾನು ಹೇಳುತ್ತಿಲ್ಲ. ಬರವಣಿಗೆಯವರು ಹಳೆಯ ಕರಡನ್ನೇ ನಕಲು ಮಾಡಿ ಕೊಟ್ಟಿರುವ ಸಾಧ್ಯತೆ ಹೆಚ್ಚು. ಆದರೆ ಕಾಗದದ ಮೇಲೆ ಉಳಿಯುವುದು ಪದ. ಮಲಯಾಳವನ್ನು ಕಲಿಯದೆಯೇ ಅರ್ಥ ಮಾಡಿಕೊಳ್ಳಬಲ್ಲೆವು ಎಂಬ ಧೈರ್ಯ ನಮ್ಮವರಿಗೆ ಇದೆ, ಏಕೆಂದರೆ ಅರ್ಧಕ್ಕರ್ಧ ಪದಗಳು ಸಂಸ್ಕೃತದಿಂದ ಬಂದವು, ಕಿವಿಗೆ ಪರಿಚಿತ. ಪರಿಚಿತ ಪದವೇ ಕೈಕೊಡುವುದು. ಅವಸರಂ ಎಂದರೆ ಅವರಿಗೆ ಸಂದರ್ಭ, ನಮಗೆ ಗಡಿಬಿಡಿ. ಅಪೇಕ್ಷ ಎಂದರೆ ಅವರಿಗೆ ಅರ್ಜಿ. ಉತ್ತರವಾದಿತ್ತಂ ಎಂದರೆ ಹೊಣೆಗಾರಿಕೆ. ಆ ಪದ ಇರುವ ಪ್ರತಿಯೊಂದು ವಾಕ್ಯದಲ್ಲೂ ಹೊಣೆ ಯಾರ ಹೆಗಲಿಗೆ ಎಂದು ನೋಡಿ. ಗೊತ್ತಿಲ್ಲದ ಪದ ಬಂದರೆ ನಾವು ಕೇಳುತ್ತೇವೆ, ಅದರಿಂದ ಅಪಾಯವಿಲ್ಲ. ಕುಡಿಶ್ಶಿಕ ಎಂದರೇನು ಎಂದು ಯಾರಾದರೂ ವಿಚಾರಿಸಿಯೇ ವಿಚಾರಿಸುತ್ತಾರೆ (ಬಾಕಿ ಎಂದರ್ಥ). ಅವಕಾಶ ಎಂದರೇನು ಎಂದು ಯಾರೂ ವಿಚಾರಿಸುವುದಿಲ್ಲ.

'ಅವಧಿ' ಎಂಬ ಪದ ಎಲ್ಲೆಲ್ಲಿ ಬಂದಿದೆ ಎಂದು ದಯವಿಟ್ಟು ಮತ್ತೆ ನೋಡಿ. ಕಾಲಾವಧಿ ಎಂದರೆ ನಮ್ಮ ಅವಧಿಯೇ. ಬರೀ ಅವಧಿ ಎಂದಿದ್ದರೆ ರಜೆ ಎಂಬ ಅರ್ಥವೂ ಇದೆ.

ಬದಿಯಡ್ಕದ ಕೃಷಿಕ

ಮೂರನೆಯ ಪುಟದಲ್ಲಿ "ಅವಧಿಕ್ಕಾಲತ್ತುಂ ವಾಡಕ ನಲ್ಕಣಂ" ಎಂದಿದೆ. ಕರಾರಿನ ಅವಧಿಯಲ್ಲಿ ಬಾಡಿಗೆ ಕೊಡಬೇಕು ಎಂದು ಓದಿಕೊಂಡಿದ್ದೆವು.

ಉಪ್ಪಳದ ನಿವೃತ್ತ ಅಧ್ಯಾಪಕ

ರಜೆಯ ಕಾಲದಲ್ಲೂ ಬಾಡಿಗೆ ಕೊಡಬೇಕು ಎಂದು ಅದರ ಅರ್ಥ. ತಪ್ಪು ಷರತ್ತೇನಲ್ಲ, ಆದರೆ ಬೇಸಿಗೆ ರಜೆಯಲ್ಲಿ ಬೀಗ ಹಾಕಿದ ಮನೆಗೆ ಬಾಡಿಗೆ ಕಟ್ಟುವುದು ಗೊತ್ತಿದ್ದೇ ಒಪ್ಪಬೇಕಾದ ವಿಷಯ. ನಾಲ್ಕೂ ಪುಟಗಳ ಚಿತ್ರ ಕಳುಹಿಸಿ, ಹೆಸರು ವಿಳಾಸ ಮುಚ್ಚಿ. ನಾಳೆಯೊಳಗೆ ಕನ್ನಡ ಮಾಡಿ ಕೊಡುತ್ತೇನೆ.

ಕಾಸರಗೋಡಿನ ವಕೀಲೆ

ಮಾಸ್ಟ್ರು ಅತಿ ಮುಖ್ಯವಾದುದನ್ನು ಹೇಳಿಬಿಟ್ಟಿದ್ದಾರೆ. ಸಹಿ ಹಾಕಿದ ಮೇಲೆ 'ನನಗೆ ಆ ಭಾಷೆ ಓದಲು ಬರುತ್ತಿರಲಿಲ್ಲ' ಎಂಬ ವಾದ ಅಷ್ಟು ಸುಲಭವಾಗಿ ನಿಲ್ಲುವುದಿಲ್ಲ. ಬಾಡಿಗೆ ಕರಾರು ಇಂಥದೇ ಭಾಷೆಯಲ್ಲಿ ಇರಬೇಕೆಂಬ ನಿಯಮವಿಲ್ಲ, ಎರಡು ಭಾಷೆಗಳಲ್ಲೂ ಇರಬಹುದು. ಎರಡರಲ್ಲಿ ಬರೆಸುವುದಾದರೆ ವ್ಯತ್ಯಾಸ ಬಂದಾಗ ಯಾವುದು ಊರ್ಜಿತ ಎಂದು ಒಂದು ಸಾಲು ಸೇರಿಸಿ.

ಹನ್ನೊಂದು ತಿಂಗಳು ಏಕೆ ಎಂದು ಹಲವರು ಕೇಳುತ್ತಾರೆ. 1908ರ ನೋಂದಣಿ ಕಾಯಿದೆಯ 17ನೆಯ ಸೆಕ್ಷನ್ ಪ್ರಕಾರ ವರ್ಷದಿಂದ ವರ್ಷಕ್ಕೆ ನಡೆಯುವ ಅಥವಾ ಒಂದು ವರ್ಷ ಮೀರಿದ ಬಾಡಿಗೆ ಪತ್ರವನ್ನು ನೋಂದಾಯಿಸಲೇಬೇಕು. ಆ ಖರ್ಚು, ಓಡಾಟ ಬೇಡವೆಂದು ಹನ್ನೊಂದಕ್ಕೆ ನಿಲ್ಲಿಸುತ್ತಾರೆ. ಅದರಲ್ಲಿ ಮೋಸವಿಲ್ಲ.

ಜನ ತಪ್ಪು ತಿಳಿಯುವುದು ಬೇರೊಂದು ಕಡೆ. 'ಏನೇ ಬರೆದಿರಲಿ, ಕಾನೂನು ಬಾಡಿಗೆದಾರನ ಪರ ಇದೆಯಲ್ಲ' ಎನ್ನುತ್ತಾರೆ. 1882ರ ಸ್ವತ್ತು ವರ್ಗಾವಣೆ ಕಾಯಿದೆ ಬಾಡಿಗೆದಾರನಿಗೆ ಒಳ್ಳೆಯ ರಕ್ಷಣೆಗಳನ್ನೇ ಕೊಟ್ಟಿದೆ. ತಿಂಗಳ ಬಾಡಿಗೆಯಾದರೆ 15 ದಿನದ ನೋಟಿಸ್ ಕೊಟ್ಟು ಬಿಡಬಹುದು ಎಂದು 106ನೆಯ ಸೆಕ್ಷನ್. ಬಾಡಿಗೆ ಕಟ್ಟುತ್ತಿರುವವರೆಗೆ ಅಡ್ಡಿಯಿಲ್ಲದೆ ವಾಸಿಸಬಹುದು, ಮಾಲೀಕ ಮಾಡಬೇಕಾದ ರಿಪೇರಿಯನ್ನು ತಿಳಿಸಿದ ಮೇಲೂ ಸಕಾಲದಲ್ಲಿ ಮಾಡದಿದ್ದರೆ ತಾನೇ ಮಾಡಿಸಿ ಬಾಡಿಗೆಯಲ್ಲಿ ಕಳೆಯಬಹುದು, ಬಿಡುವಾಗ ಸಹಜ ಸವೆತವನ್ನು ಬಿಟ್ಟು ಉಳಿದಂತೆ ಇದ್ದ ಸ್ಥಿತಿಯಲ್ಲಿ ಒಪ್ಪಿಸಿದರೆ ಸಾಕು ಎಂದು 108. ಆದರೆ ಈ ಎರಡೂ ಸೆಕ್ಷನ್‌ಗಳು ಶುರುವಾಗುವುದೇ 'ಬೇರೆ ಕರಾರು ಇಲ್ಲದಿದ್ದರೆ' ಎಂಬ ಅರ್ಥದ ಮಾತಿನಿಂದ. ಕಾಗದ ಸುಮ್ಮನಿದ್ದ ಕಡೆ ಮಾತ್ರ ಕಾನೂನು ನಿಮಗಾಗಿ ಮಾತನಾಡುತ್ತದೆ. ಕಾಗದವೇ 'ಯಾವ ಹೊತ್ತಿನಲ್ಲೂ' ಎಂದು ಹೇಳಿಬಿಟ್ಟರೆ ಆ ರಕ್ಷಣೆಯನ್ನು ನೀವೇ ಬರೆದುಕೊಟ್ಟಂತೆ.

ಇನ್ನೊಂದು ಪ್ರಶ್ನೆ: ಕರಾರಿನ ತಲೆಬರಹ ಏನು? ಬಾಡಿಗೆ ಕರಾರೋ, ಲೈಸೆನ್ಸ್ ಕರಾರೋ?

ಬದಿಯಡ್ಕದ ಕೃಷಿಕ

ವಾಡಕ ಕರಾರ್ ಎಂದಿದೆ ವಕೀಲರೇ. ಎರಡಕ್ಕೂ ಏನು ವ್ಯತ್ಯಾಸ?

ಬೇಳದ ಹಿರಿಯ

ವಕೀಲರು ಉತ್ತರಿಸುವ ಮೊದಲು ನಾನೊಂದು ಮಾತು ಹೇಳುತ್ತೇನೆ. ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದ ಕಾಲದ ಕಾಗದಗಳು ನಮ್ಮ ಮನೆಯ ಪೆಟ್ಟಿಗೆಯಲ್ಲಿ ಈಗಲೂ ಇವೆ. ನನ್ನ ಅಜ್ಜನಿಗೆ ಸಹಿ ಹಾಕಲು ಬರುತ್ತಿರಲಿಲ್ಲ, ಹೆಬ್ಬೆಟ್ಟು ಒತ್ತುತ್ತಿದ್ದರು. ಆದರೆ ಮೂಲಗೇಣಿ ಯಾವುದು, ಚಾಲಗೇಣಿ ಯಾವುದು ಎಂದು ಕೇಳದೆ ಒತ್ತಿದವರಲ್ಲ. ಮೂಲಗೇಣಿಯಾದರೆ ಗೇಣಿ ನಿಶ್ಚಿತ, ಒಕ್ಕಲು ಕಾಯಂ. ಚಾಲಗೇಣಿಯಾದರೆ ಧಣಿ ಬೇಕೆಂದಾಗ ಎಬ್ಬಿಸಬಹುದು. ಅದೇ ಗದ್ದೆ, ಅದೇ ಬೆಳೆ. ಚೀಟಿನಲ್ಲಿನ ಒಂದು ಪದದಿಂದ ಸಂಸಾರದ ನೆಲೆಯೇ ಬೇರೆ. ಓದು ಬಾರದ ಅಜ್ಜ ಅಷ್ಟು ವಿಚಾರಿಸುತ್ತಿದ್ದರು, ಓದು ಬಂದ ನಮ್ಮ ಮೊಮ್ಮಕ್ಕಳು ಮೊಬೈಲಿನಲ್ಲಿ 'ಒಪ್ಪಿದೆ' ಎಂದು ಒತ್ತಿಬಿಡುತ್ತಾರೆ. ನೋವಾಗುತ್ತದೆ.

ಕಾಸರಗೋಡಿನ ವಕೀಲೆ

ಹಿರಿಯರು ಕೊಟ್ಟ ಉದಾಹರಣೆಗಿಂತ ಚೆನ್ನಾಗಿ ನಾನು ವಿವರಿಸಲಾರೆ. ಬಾಡಿಗೆ ಎಂದರೆ ಮನೆಯ ಸ್ವಾಧೀನ ನಿಮ್ಮದು. ಲೈಸೆನ್ಸ್ ಎಂದರೆ ಇರಲು ಅನುಮತಿ ಮಾತ್ರ, ಸ್ವಾಧೀನ ಮಾಲೀಕನದ್ದೇ. ಹಾಸ್ಟೆಲ್, ಪಿಜಿಗಳು ಸಾಮಾನ್ಯವಾಗಿ ಎರಡನೆಯ ಬಗೆ. ಹಾಗಾಗಿ ಅಲ್ಲಿ ಕೋಣೆ ಬದಲಾಯಿಸುತ್ತಾರೆ, ವಾರ್ಡನ್ ಒಳಗೆ ಬರುತ್ತಾರೆ. ತಲೆಬರಹವೊಂದೇ ನಿರ್ಣಾಯಕವಲ್ಲ, ಪತ್ರದ ಒಳಗಿನ ಉದ್ದೇಶವನ್ನೂ ಬೇರೆಯವರಿಗೆ ಪ್ರವೇಶವಿಲ್ಲದ ಸ್ವಾಧೀನ ಸಿಕ್ಕಿದೆಯೇ ಎಂಬುದನ್ನೂ ನೋಡಬೇಕು ಎಂದು ಸುಪ್ರೀಂ ಕೋರ್ಟ್ 1959ರಲ್ಲೇ ಹೇಳಿದೆ. ನಿಮ್ಮದು ಇಡೀ ಮನೆ, ಬೀಗದ ಕೈ ಮಕ್ಕಳದ್ದು, ಆದ್ದರಿಂದ ಬಾಡಿಗೆಯೇ. 'ಯಾವ ಹೊತ್ತಿನಲ್ಲೂ ಪ್ರವೇಶ' ಎಂಬ ಷರತ್ತು ಅದನ್ನು ಮಸುಕು ಮಾಡುತ್ತದೆ. ತೆಗೆಸಿ.

ಮುಂಗಡದ ಬಗ್ಗೆ. 'ನಡುವೆ ಬಿಟ್ಟರೆ ಪೂರ್ತಿ ಮುಂಗಡ ಹೋಯಿತು, ಉಳಿದ ಬಾಡಿಗೆಯೂ ಕೊಡಬೇಕು' ಎಂಬುದು ಬರೆದಷ್ಟು ಗಟ್ಟಿಯಲ್ಲ. 1872ರ ಕರಾರು ಕಾಯಿದೆಯ 74ನೆಯ ಸೆಕ್ಷನ್ ಪ್ರಕಾರ ಕರಾರು ಮುರಿದಾಗ ಸಿಗುವುದು ನ್ಯಾಯವಾದ ಪರಿಹಾರ ಮಾತ್ರ. ಪತ್ರದಲ್ಲಿ ಬರೆದ ಮೊತ್ತ ಅದರ ಗರಿಷ್ಠ ಮಿತಿ. ಮೊದಲೇ ಕೊಟ್ಟ ಹಣವನ್ನು ಮುಟ್ಟುಗೋಲು ಹಾಕಿಕೊಳ್ಳುವುದಕ್ಕೂ ಇದು ಅನ್ವಯಿಸುತ್ತದೆ ಎಂದು ಸುಪ್ರೀಂ ಕೋರ್ಟ್ 1963ರಲ್ಲಿ ತೀರ್ಪು ಕೊಟ್ಟಿದೆ. ಹದಿನೈದು ದಿನದಲ್ಲಿ ಹೊಸ ಬಾಡಿಗೆದಾರರು ಬಂದರೆ ಆರು ತಿಂಗಳ ನಷ್ಟ ಆಯಿತೆಂದು ಹೇಳಲಾಗದು. ಆದರೆ ಹಣ ಅವರ ಕೈಯಲ್ಲಿರುತ್ತದೆ, ಕೋರ್ಟಿನ ಮೆಟ್ಟಿಲು ಹತ್ತಬೇಕಾದವರು ನೀವು. ಆದ್ದರಿಂದ ಈಗಲೇ ಕಡಿಮೆ ಮಾಡಿಸುವುದು ಜಾಣತನ. ಕೇಂದ್ರ ಸಂಪುಟ 2021ರ ಜೂನ್‌ನಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯಿದೆ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಠೇವಣಿ ಬೇಡ ಎನ್ನುತ್ತದೆ. ಅದು ಮಾದರಿ ಮಾತ್ರ, ರಾಜ್ಯ ತನ್ನ ಕಾನೂನಾಗಿ ಮಾಡಿಕೊಂಡಾಗಲೇ ಜಾರಿ. ಆದರೂ ಮಾತುಕತೆಯಲ್ಲಿ ಮುಂದಿಡಲು ಒಳ್ಳೆಯ ಅಳತೆಗೋಲು. ನಿಮ್ಮದು ನಾಲ್ಕು ತಿಂಗಳನ್ನೂ ಮೀರಿದೆ.

ಮುಳ್ಳೇರಿಯದ ವಿದ್ಯಾರ್ಥಿನಿ

ಬಣ್ಣದ 8,000 ರೂಪಾಯಿಯ ಬಗ್ಗೆ ನಾನು ಹೇಳಲೇಬೇಕು. ಮಂಗಳೂರಿನ ಹತ್ತಿರ ಒಂದು ಪಿಜಿಯಲ್ಲಿ ಎರಡು ವರ್ಷ ಇದ್ದೆ. ನನ್ನ ಕೋಣೆಯ ಪಡುವಣ ಗೋಡೆ ಜೂನ್ ಬಂತೆಂದರೆ ಬೆವರುತ್ತಿತ್ತು. ಜುಲೈ ಹೊತ್ತಿಗೆ ಕಪ್ಪು ಬೂಷ್ಟು, ಪುಸ್ತಕ, ಚಪ್ಪಲಿ, ಬ್ಯಾಗು ಎಲ್ಲಕ್ಕೂ. ನೋಡಿಕೊಳ್ಳುವವರಿಗೆ ಎಷ್ಟೋ ಸಲ ಹೇಳಿದೆ, ಎಲ್ಲವೂ ಬಾಯಿಮಾತು. ಬಿಡುವ ದಿನ 15,000 ಠೇವಣಿಯಲ್ಲಿ 9,000 ಹಿಡಿದುಕೊಂಡರು. ಗೋಡೆ ಹಾಳು ಮಾಡಿದ್ದೀರಿ ಎಂದರು. ನಾನು ಬರುವ ಮೊದಲೇ ಅಲ್ಲಿ ತೇವ ಇತ್ತು ಎಂದು ತೋರಿಸಲು ನನ್ನ ಬಳಿ ಒಂದು ಚಿತ್ರವೂ ಇರಲಿಲ್ಲ. ಅಪ್ಪ ಅಡಿಕೆ ಸುಲಿದು ಕೊಟ್ಟ ಹಣ ಅದು. ಬಸ್ಸಿನಲ್ಲಿ ತಲಪಾಡಿ ದಾಟುವವರೆಗೂ ಅಳುತ್ತಿದ್ದೆ.

ನನ್ನ ಪಕ್ಕದ ಕೋಣೆಯವಳು ಮಾತ್ರ ಸೇರಿದ ದಿನವೇ ಗೋಡೆ, ಕಿಟಕಿ, ಹಾಸಿಗೆ, ನಲ್ಲಿ ಎಲ್ಲದರ ಚಿತ್ರ ತೆಗೆದು ವಾಟ್ಸಾಪ್‌ನಲ್ಲಿ ಅವರಿಗೇ ಕಳುಹಿಸಿದ್ದಳು. ತೇವದ ದೂರನ್ನೂ ಸಂದೇಶದಲ್ಲೇ ಬರೆಯುತ್ತಿದ್ದಳು. ಅವಳಿಗೂ ಮೊದಲು ಇಲ್ಲ ಎಂದರು. ಅವಳು 1915ಕ್ಕೆ, ಅಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ದೂರು ಕೊಟ್ಟು ಆ ಸಂದೇಶಗಳನ್ನು ಮುಂದಿಟ್ಟಳು. ಮೂರು ವಾರದಲ್ಲಿ ಪೂರ್ತಿ ಹಣ ಬಂತು. ಇಬ್ಬರದೂ ಒಂದೇ ಗೋಡೆಯ ಎರಡು ಬದಿ.

ನಿಮ್ಮ ಮಗಳಿಗೆ ಹೇಳಿ ಅಂಕಲ್, ಸಾಮಾನು ಇಳಿಸುವ ಮೊದಲು ಚಿತ್ರ ತೆಗೆಯಲಿ. ನಾಲ್ಕು ತಿಂಗಳು ಮಳೆ ಬೀಳುವ ಊರಿನಲ್ಲಿ ಗೋಡೆಗೆ ಬೂಷ್ಟು ಬರುವುದು ಮಕ್ಕಳ ತಪ್ಪಲ್ಲ.

ವಿದ್ಯಾನಗರದಲ್ಲಿ ಮನೆ ಬಾಡಿಗೆ ಕೊಡುವವಳು

ನಾನು ಹದಿನಾಲ್ಕು ವರ್ಷದಿಂದ ವಿದ್ಯಾರ್ಥಿಗಳಿಗೆ ಮನೆ ಕೊಡುತ್ತಿದ್ದೇನೆ. ಮುಳ್ಳೇರಿಯದ ಹುಡುಗಿಯ ಮಾತು ಓದಿ ಬೇಸರವಾಯಿತು, ಅವಳಿಗೆ ಅನ್ಯಾಯವಾಗಿದೆ. ಆದರೆ ಇನ್ನೊಂದು ಬದಿಯನ್ನೂ ಕೇಳಿ. ಎರಡು ವರ್ಷದ ಹಿಂದೆ ಐವರು ಹುಡುಗರು ಪರೀಕ್ಷೆ ಮುಗಿದ ಮರುದಿನ ಬೀಗದ ಕೈಯನ್ನು ಕಿಟಕಿಯಲ್ಲಿಟ್ಟು ಹೋದರು. ಕೆಎಸ್‌ಇಬಿಯ (ಕೇರಳ ವಿದ್ಯುತ್ ಮಂಡಳಿ) ಬಿಲ್ಲು ಬರುವುದು ಎರಡು ತಿಂಗಳಿಗೊಮ್ಮೆ. ಅವರು ಹೋದ ಮೇಲೆ ಬಂದ ಬಿಲ್ಲನ್ನು ನಾನು ಕಟ್ಟಿದೆ. ಮಾರ್ಚ್‌ನಲ್ಲಿ ಖಾಲಿಯಾದ ಮನೆಗೆ ಜೂನ್‌ವರೆಗೆ ಯಾರೂ ಬರುವುದಿಲ್ಲ. ನಮ್ಮಂಥವರಿಗೆ ಆ ಬಾಡಿಗೆಯೇ ಔಷಧಿಯ ಖರ್ಚು.

ಆದ್ದರಿಂದ ಮುಂಗಡ ಬೇಡವೆನ್ನಬೇಡಿ, ಅದಕ್ಕೆ ಲೆಕ್ಕ ಕೇಳಿ. ನಾನು ಮನೆ ಒಪ್ಪಿಸುವ ದಿನ ಮೀಟರಿನ ಅಂಕಿಯನ್ನು ಕರಾರಿನ ಹಿಂದೆಯೇ ಬರೆದು ಇಬ್ಬರ ಸಹಿ ಹಾಕಿಸುತ್ತೇನೆ. ಬಿಡುವ ದಿನವೂ ಹಾಗೆಯೇ. ವಿದ್ಯುತ್ ದರ ಹಂತ ಹಂತವಾಗಿ ಏರುವುದರಿಂದ ಮಾಲೀಕರ ಮನೆಗೂ ಬಾಡಿಗೆ ಮನೆಗೂ ಒಂದೇ ಮೀಟರಾದರೆ ಇಬ್ಬರಿಗೂ ನಷ್ಟ. ಪ್ರತ್ಯೇಕ ಮೀಟರ್ ಇದೆಯೇ ಎಂದು ಮೊದಲು ಕೇಳಿ.

ಇನ್ನು ನೀರು. ಕೃಷಿಕರಾದ ನಿಮಗೆ ನಾನು ಹೇಳಬೇಕಾಗಿಲ್ಲ, ಸುರಂಗ ತೋಡಿ ಗುಡ್ಡದಿಂದ ನೀರು ತೆಗೆದ ನಾಡು ನಮ್ಮದು. ಅಂಗಳದಲ್ಲಿ ಬಾವಿ ಇದೆ ಎಂದು ಜುಲೈಯಲ್ಲಿ ಸಂತೋಷಪಡುವುದು ಸುಲಭ. ಏಪ್ರಿಲ್‌ನಲ್ಲಿ ಅದರಲ್ಲಿ ಎಷ್ಟು ನೀರಿರುತ್ತದೆ ಎಂದು ಪಕ್ಕದ ಮನೆಯವರನ್ನು ಕೇಳಿ. ಟ್ಯಾಂಕರಿನ ಹಣ ಯಾರು ಕೊಡುವುದು ಎಂದು ಬರೆಸಿ. ನನ್ನ ಮನೆಯಲ್ಲಿ ಜಗಳವಾದದ್ದೆಲ್ಲ ಈ ಒಂದು ವಿಷಯಕ್ಕೆ.

ಬದಿಯಡ್ಕದ ಕೃಷಿಕ

ನೀರಿನ ಮಾತು ಕರಾರಿನಲ್ಲಿ ಎಲ್ಲಿಯೂ ಇಲ್ಲ ಅಕ್ಕ. ತೋಟದವನಾಗಿಯೂ ನನಗೆ ಹೊಳೆಯಲಿಲ್ಲ. ವಕೀಲರೇ, ಜಾಮೀನಿನ ಬಗ್ಗೆ ಹೇಳಿ. ನಾಲ್ವರಲ್ಲಿ ಒಬ್ಬಳು ಬಿಟ್ಟು ಹೋದರೆ ಅವಳ ಪಾಲನ್ನು ನಾನು ಕೊಡಬೇಕಾಗುತ್ತದೆಯೇ?

ಕಾಸರಗೋಡಿನ ವಕೀಲೆ

ಹೌದು. ನಾಲ್ವರು ಒಟ್ಟಾಗಿ ಸಹಿ ಹಾಕಿದರೆ ಮಾಲೀಕರು ಯಾರೊಬ್ಬರಿಂದಲೂ ಪೂರ್ತಿ ಬಾಡಿಗೆ ಕೇಳಬಹುದು, ಕರಾರು ಕಾಯಿದೆಯ 43ನೆಯ ಸೆಕ್ಷನ್. ಕೊಟ್ಟವರು ಉಳಿದವರಿಂದ ಪಾಲು ವಸೂಲು ಮಾಡಿಕೊಳ್ಳಬೇಕು. ಜಾಮೀನುದಾರನ ಹೊಣೆ ಸಾಲಗಾರನ ಹೊಣೆಯಷ್ಟೇ ವಿಸ್ತಾರ, ಅದೇ ಕಾಯಿದೆಯ 128ನೆಯ ಸೆಕ್ಷನ್. ಅಂದರೆ ನೀವು ನಿಮ್ಮ ಮಗಳೊಬ್ಬಳಿಗಲ್ಲ, ನಾಲ್ವರಿಗೂ ಜಾಮೀನು. ನಿಮ್ಮ ಹೊಣೆ ಮಗಳ ಪಾಲಿಗೆ, ತಿಂಗಳಿಗೆ 3,000ಕ್ಕೆ ಮಾತ್ರ ಎಂದು ಸ್ಪಷ್ಟವಾಗಿ ಬರೆಸಿ. ಆಗದಿದ್ದರೆ ನಾಲ್ಕೂ ಮನೆಯವರು ಸೇರಿ ಪಾಲಿನ ಬಗ್ಗೆ ಬೇರೊಂದು ಪತ್ರ ಮಾಡಿಕೊಳ್ಳಿ.

ಪದವಿಗೆ ಸೇರುವ ಮಕ್ಕಳ ತಂದೆತಾಯಂದಿರಿಗೆ ಇನ್ನೊಂದು ಮಾತು. ಪ್ಲಸ್ ಟು ಮುಗಿಸಿದ ಎಷ್ಟೋ ಮಕ್ಕಳಿಗೆ 18 ತುಂಬಿರುವುದಿಲ್ಲ. ಅಪ್ರಾಪ್ತ ವಯಸ್ಕರ ಕರಾರು ಅಸಿಂಧು ಎಂಬುದು 1903ರ ಪ್ರಿವಿ ಕೌನ್ಸಿಲ್ ತೀರ್ಪಿನಿಂದ ನೆಲೆಯಾದ ಮಾತು. ಆದ್ದರಿಂದಲೇ ಮಾಲೀಕರು ನಿಮ್ಮ ಸಹಿ ಕೇಳುತ್ತಾರೆ, ಮತ್ತು ಆಗ ಕರಾರಿನ ಪಕ್ಷಗಾರರು ನೀವೇ.

ಮಂಜೇಶ್ವರದ ತಾಯಿ

ಒಟ್ಟು ಹೊಣೆಯ ಮಾತು ಬಂದದ್ದರಿಂದ ಹೇಳುತ್ತೇನೆ. ನನ್ನ ಮಗ 2022ರಲ್ಲಿ ಇಂಗ್ಲೆಂಡಿಗೆ ಓದಲು ಹೋದ. ಐವರು ಸೇರಿ ಮನೆ ಹಿಡಿದರು. ಒಬ್ಬ ಡಿಸೆಂಬರಿನಲ್ಲಿ ಊರಿಗೆ ಮರಳಿದ, ಅವನ ಪಾಲನ್ನು ಉಳಿದ ನಾಲ್ವರು ಏಳು ತಿಂಗಳು ಹಂಚಿಕೊಂಡು ಕಟ್ಟಿದರು. ಅಲ್ಲಿಯೂ ಇದೇ ನಿಯಮ. ಆದರೆ ಮುಂಗಡದ ವಿಷಯದಲ್ಲಿ ಅಲ್ಲಿನ ವ್ಯವಸ್ಥೆ ನೋಡಿ ನನಗೆ ಆಶ್ಚರ್ಯವಾಯಿತು. ವರ್ಷದ ಬಾಡಿಗೆ 50,000 ಪೌಂಡಿಗಿಂತ ಕಡಿಮೆ ಇದ್ದರೆ ಐದು ವಾರದ ಬಾಡಿಗೆಗಿಂತ ಹೆಚ್ಚು ಠೇವಣಿ ಕೇಳುವಂತಿಲ್ಲ, 2019ರ ಕಾನೂನು. ಆ ಹಣವನ್ನು ಮಾಲೀಕ 30 ದಿನದೊಳಗೆ ಸರಕಾರ ಒಪ್ಪಿದ ಠೇವಣಿ ಯೋಜನೆಯಲ್ಲಿ ಭದ್ರಪಡಿಸಬೇಕು. ಮಾಡದಿದ್ದರೆ ಠೇವಣಿಯ ಒಂದರಿಂದ ಮೂರು ಪಟ್ಟು ದಂಡವನ್ನು ಕೋರ್ಟು ಬಾಡಿಗೆದಾರನಿಗೇ ಕೊಡಿಸಬಹುದು. ಮಗನ ಗೋಡೆಗೂ ಬೂಷ್ಟು ಬಂದಿತ್ತು. ಸೇರುವಾಗ ಮಾಡಿದ ಸಾಮಾನು ಪಟ್ಟಿ, ಚಿತ್ರ ತೋರಿಸಿದ್ದಕ್ಕೆ ಒಂದು ಪೌಂಡೂ ಕಡಿತವಾಗಲಿಲ್ಲ. ನಮ್ಮಲ್ಲಿ ಅಂಥ ಯೋಜನೆ ಇಲ್ಲದಿರುವಾಗ ಆ ಪಟ್ಟಿಯನ್ನಾದರೂ ಮಾಡಿಕೊಳ್ಳಬಹುದಲ್ಲ.

ಹಾಸ್ಟೆಲಿನಲ್ಲಿರುವ ಸಂಶೋಧನಾ ವಿದ್ಯಾರ್ಥಿ

ಮನೆ ಹಿಡಿಯದೆ ಹಾಸ್ಟೆಲ್ ಸೇರುವವರಿಗೂ ಕರಾರು ಇದೆ, ಅದಕ್ಕೆ ಆ ಹೆಸರಿಲ್ಲ ಅಷ್ಟೆ. ಪ್ರವೇಶದ ದಿನ ಮುಚ್ಚಳಿಕೆ, ನಿಯಮಾವಳಿ, ರ‍್ಯಾಗಿಂಗ್ ವಿರೋಧಿ ಪ್ರಮಾಣಪತ್ರ ಎಂದು ಒಂದರ ಮೇಲೊಂದು ಕಾಗದ ಮುಂದಿಡುತ್ತಾರೆ. ಸರತಿ ಸಾಲು ಬೆಳೆಯುತ್ತಿರುತ್ತದೆ, ಹಿಂದಿನಿಂದ ಬೇಗ ಎನ್ನುತ್ತಾರೆ. ಓದದೆ ಸಹಿ ಹಾಕುತ್ತೇವೆ. ಮೊದಲೇ ಇಳಿಸಿಕೊಂಡು ಮನೆಯಲ್ಲಿ ಓದಿ. ಮೆಸ್ ಶುಲ್ಕ ರಜೆಯಲ್ಲಿ ಕಡಿತವಾಗುತ್ತದೆಯೇ, ಕೋಣೆಯಲ್ಲಿ ಏನಾದರೂ ಮುರಿದರೆ ದಂಡವನ್ನು ಎಲ್ಲರ ಮೇಲೆ ಹಂಚುತ್ತಾರೆಯೇ ಎಂಬುದನ್ನು ಹುಡುಕಿ.

ಸೀಟು ಬಿಡುವವರಿಗೆ ಯುಜಿಸಿ 2018ರ ಅಧಿಸೂಚನೆ ನೆರವಿಗಿದೆ. ಕಾಷನ್ ಡಿಪಾಸಿಟ್, ಭದ್ರತಾ ಠೇವಣಿ ಶುಲ್ಕದ ಭಾಗವಲ್ಲ, ಅದನ್ನು ಪೂರ್ತಿಯಾಗಿ ಮರಳಿಸಬೇಕು. ಮೂಲ ಅಂಕಪಟ್ಟಿ, ಪ್ರಮಾಣಪತ್ರಗಳನ್ನು ಸಂಸ್ಥೆ ಇಟ್ಟುಕೊಳ್ಳುವಂತಿಲ್ಲ. ಪಿಜಿಯವರು ಕೇಳಿದರೂ ಮೂಲ ಪ್ರತಿಯನ್ನು ಕೊಡಬೇಡಿ. ಆಧಾರ್ ಕೇಳಿದರೆ ಮೊದಲ ಎಂಟು ಅಂಕಿ ಮರೆಮಾಡಿದ ಪ್ರತಿಯನ್ನು ಕೊಟ್ಟರಾಯಿತು. ಪಿಜಿ ಬಿಲ್ಲಿನಲ್ಲಿ ಜಿಎಸ್‌ಟಿ ಸೇರಿಸಿದ್ದರೆ ಕೇಳಿ: 2024ರ ಜುಲೈನಿಂದ ಒಬ್ಬರಿಗೆ ತಿಂಗಳಿಗೆ 20,000 ರೂಪಾಯಿಯೊಳಗಿನ, ಕನಿಷ್ಠ 90 ದಿನ ಸತತವಾಗಿ ಇರುವ ವಸತಿಗೆ ವಿನಾಯಿತಿ ಇದೆ.

ನಿಯಮಾವಳಿಯಲ್ಲಿ ಬರೆದದ್ದೆಲ್ಲ ಪ್ರಶ್ನಾತೀತ ಎಂದೂ ತಿಳಿಯಬೇಡಿ. ಮೊಬೈಲ್ ನಿರ್ಬಂಧದ ನಿಯಮಕ್ಕೆ ಒಪ್ಪದೆ ಹಾಸ್ಟೆಲಿನಿಂದ ಹೊರಹಾಕಲ್ಪಟ್ಟ ವಿದ್ಯಾರ್ಥಿನಿಯನ್ನು ಮರಳಿ ಸೇರಿಸಿಕೊಳ್ಳುವಂತೆ ಕೇರಳ ಹೈಕೋರ್ಟ್ 2019ರ ಸೆಪ್ಟೆಂಬರ್‌ನಲ್ಲಿ ಆದೇಶಿಸಿತು. ಇಂಟರ್ನೆಟ್ ಬಳಕೆ ಶಿಕ್ಷಣದ ಹಕ್ಕಿನ, ಖಾಸಗಿತನದ ಹಕ್ಕಿನ ಭಾಗ ಎಂದು ಹೇಳಿತು.

ಕಾಸರಗೋಡಿನ ವಕೀಲೆ

ಜಗಳ ಬಂದಾಗ ಎಲ್ಲಿ ಹೋಗಬೇಕು ಎಂದು ಮುಳ್ಳೇರಿಯದವರು ಖಾಸಗಿಯಾಗಿ ಕೇಳಿದ್ದಾರೆ, ಎಲ್ಲರಿಗೂ ಹೇಳುತ್ತೇನೆ. ಪಿಜಿ, ಖಾಸಗಿ ಹಾಸ್ಟೆಲ್ ಸೇವೆಯ ದೂರನ್ನು ಜಿಲ್ಲಾ ಗ್ರಾಹಕ ಆಯೋಗಕ್ಕೆ ಕೊಡಬಹುದು, ಪಾವತಿಸಿದ ಮೊತ್ತ 5 ಲಕ್ಷದೊಳಗಾದರೆ ಶುಲ್ಕವಿಲ್ಲ. ಬರೀ ಮನೆ ಬಾಡಿಗೆಯ ತಗಾದೆ ಸಿವಿಲ್ ನ್ಯಾಯಾಲಯಕ್ಕೆ ಹೋಗುವಂಥದ್ದು, ಆದರೆ ಅದಕ್ಕೂ ಮೊದಲು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ರಾಜಿಗೆ ಪ್ರಯತ್ನಿಸಿ. ಮಹಿಳೆಯರಿಗೆ ಆದಾಯದ ಮಿತಿ ನೋಡದೆ ಉಚಿತ ಕಾನೂನು ನೆರವು ಸಿಗುತ್ತದೆ, ಸಹಾಯವಾಣಿ 15100. ಸರಕಾರಿ ಅಧಿಕಾರಿಗೆ ಕೊಡುವ ಅಹವಾಲನ್ನು ಕನ್ನಡದಲ್ಲೇ ಬರೆಯಬಹುದು, ಸಂವಿಧಾನದ 350ನೆಯ ವಿಧಿ ಕೊಟ್ಟ ಹಕ್ಕು ಅದು. ಹಿಂಜರಿಯಬೇಡಿ.

ಬದಿಯಡ್ಕದ ಕೃಷಿಕ

ಶನಿವಾರ ರಾತ್ರಿ ಬರೆಯುತ್ತಿದ್ದೇನೆ. ಮಾಸ್ಟ್ರು ಮಾಡಿಕೊಟ್ಟ ಕನ್ನಡ ಪ್ರತಿಯನ್ನು ಹಿಡಿದುಕೊಂಡು ಹೋಗಿದ್ದೆವು. ಮಾಲೀಕರು ಗಲ್ಫಿನಲ್ಲಿ ಬಹಳ ವರ್ಷ ದುಡಿದು ಬಂದವರು, ಸೌಮ್ಯ ಮನುಷ್ಯ. ಪ್ರವೇಶದ ವಾಕ್ಯವನ್ನು ತೋರಿಸಿದಾಗ ಅವರೇ ಬೆಚ್ಚಿದರು. ಹಾಗೆ ಬರೆದಿದೆ ಎಂದು ಅವರಿಗೂ ಗೊತ್ತಿರಲಿಲ್ಲ. ತಮಗೂ ಹೆಣ್ಣುಮಕ್ಕಳಿದ್ದಾರೆ ಎಂದು ಹೇಳಿ ಕೂಡಲೇ ಹೊಡೆದುಹಾಕಿದರು. ಈಗ ಹಿಂದಿನ ದಿನ ತಿಳಿಸಿ, ಹಗಲು ಹೊತ್ತಿನಲ್ಲಿ, ಒಬ್ಬಳಾದರೂ ಮನೆಯಲ್ಲಿರುವಾಗ ಬರುವುದೆಂದು ಬರೆದಿದೆ; ಬೆಂಕಿ, ನೀರು ಸೋರಿಕೆಯಂಥ ಅಪಾಯಕ್ಕೆ ವಿನಾಯಿತಿ.

ಮುಂಗಡ 36,000ಕ್ಕೆ ಇಳಿಯಿತು. ಎರಡು ತಿಂಗಳಿಗೆ ಒಪ್ಪಲಿಲ್ಲ. ಐದು ತಿಂಗಳ ನಂತರ ಒಂದು ತಿಂಗಳ ನೋಟಿಸ್ ಕೊಟ್ಟು ಬಿಡಬಹುದು, ಮರಳಿಸಬೇಕಾದ ಹಣವನ್ನು ಬಿಟ್ಟ 15 ದಿನದಲ್ಲಿ ಲೆಕ್ಕದೊಂದಿಗೆ ಕೊಡಬೇಕು. ಬಣ್ಣದ 8,000 ಹೋಗಿ 'ಸಹಜ ಸವೆತ, ಮಳೆಯ ತೇವ ಹೊರತುಪಡಿಸಿ' ಎಂಬ ಮಾತು ಬಂತು. ಮುಳ್ಳೇರಿಯದ ಮಗಳೇ, ಅದು ನಿನ್ನಿಂದ. ರಜೆಯ ತಿಂಗಳು ಪೂರ್ತಿ ಬಾಡಿಗೆಯೇ, ಅದರಲ್ಲಿ ಅವರು ಜಗ್ಗಲಿಲ್ಲ, ನಾನೂ ಒತ್ತಾಯಿಸಲಿಲ್ಲ. ಟ್ಯಾಂಕರಿನ ಖರ್ಚು ಅರ್ಧರ್ಧ, ಪಂಪಿನ ರಿಪೇರಿ ಅವರದ್ದು. ಪಕ್ಕದ ಮನೆಯ ಅಜ್ಜಿಯನ್ನು ಕೇಳಿದೆ, ಬಾವಿ ಏಪ್ರಿಲ್ ಕೊನೆಗೆ ತಳ ಕಾಣುತ್ತದೆಯಂತೆ.

ಜಾಮೀನಿನ ವಿಷಯದಲ್ಲಿ ನನ್ನೊಬ್ಬನ ಸಹಿಯೇ ಬೇಕೆಂದರು. ಆದ್ದರಿಂದ ನಾಲ್ಕು ಮನೆಯವರೂ ವೀಡಿಯೊ ಕರೆಯಲ್ಲಿ ಮಾತನಾಡಿ ಪಾಲಿನ ಪತ್ರ ಮಾಡಿಕೊಂಡೆವು. ಒಬ್ಬರ ಮನೆ ಪಾಲಕ್ಕಾಡು, ಒಬ್ಬರದ್ದು ಒಡಿಶಾ, ಇನ್ನೊಬ್ಬರದ್ದು ಸುಳ್ಯ. ಸಹಿ ಮಾಡಿದ ಪ್ರತಿಗಳು ಅಂಚೆಯಲ್ಲಿ ಬರಬೇಕು. ಕರಾರು ಎಡಬದಿಗೆ ಮಲಯಾಳ, ಬಲಬದಿಗೆ ಕನ್ನಡ. ವ್ಯತ್ಯಾಸ ಬಂದರೆ ಮಲಯಾಳವೇ ಊರ್ಜಿತ ಎಂದು ಮಾಲೀಕರು ಕೇಳಿದರು. ಮಾಸ್ಟ್ರು ಎರಡನ್ನೂ ಪದಕ್ಕೆ ಪದ ಹೋಲಿಸಿ ನೋಡಿದ ಮೇಲೆ ಒಪ್ಪಿದೆ. ಸಹಿಗೆ ಮೊದಲು ಮಗಳು ನಾಲ್ಕೂ ಪುಟಗಳನ್ನು ಮಲಯಾಳದಲ್ಲೇ ಗಟ್ಟಿಯಾಗಿ ಓದಿದಳು. ನಿಧಾನವಾಯಿತು, ಯಾರೂ ಅವಸರ ಮಾಡಲಿಲ್ಲ.

ಎಲ್ಲ ಮುಗಿದು ಮೀಟರಿನ ಅಂಕಿ ಬರೆದುಕೊಳ್ಳಲು ಹಿಂಬದಿಗೆ ಹೋದಾಗ ಗೊತ್ತಾಯಿತು, ಬಾವಿಯ ಪಂಪಿನ ಸ್ವಿಚ್ಚು ಮಾಲೀಕರು ಬೀಗ ಹಾಕಿಟ್ಟುಕೊಳ್ಳುವ ಕೊಟ್ಟಿಗೆಯೊಳಗಿದೆ. ಮತ್ತೆ ಬಂದು ಕುಳಿತು, ಕೊಟ್ಟಿಗೆಯ ಒಂದು ಬೀಗದ ಕೈ ಮಕ್ಕಳ ಬಳಿ ಇರತಕ್ಕದ್ದು ಎಂದು ಕೊನೆಯ ಪುಟದ ಅಡಿಯಲ್ಲಿ ಎರಡೂ ಭಾಷೆಗಳಲ್ಲಿ ಕೈಯಿಂದ ಬರೆದು, ಆರೂ ಜನ ಪಕ್ಕದಲ್ಲಿ ಸಹಿ ಹಾಕಿದೆವು.